ಸಚಿವರ ಉತ್ತರ ನಮ್ಮ ಪಾಸ್‌ಬುಕ್ಕಿನವರೆಗೆ ಬರುತ್ತಾ?

ನಿಮ್ಮ ಪ್ರಶ್ನೆಯೊಳಗೆ ಎರಡು ಪ್ರಶ್ನೆ ಇವೆ. ಹಣಕಾಸು ಸಚಿವರು ಸಂಸತ್ತಿನಲ್ಲಿ ಜಿಎಸ್‌ಟಿ, ಬ್ಯಾಂಕ್ ಅಂತ ಕೊಡುವ ಉತ್ತರಗಳಿಂದ ನಮ್ಮಂಥವರಿಗೆ ಏನಾದರೂ ಉಪಯೋಗ ಇದೆಯಾ ಅನ್ನೋದು ಒಂದು. ನಿಮ್ಮ ತಂದೆಯವರು ಮೈಸೂರಿನ ಒಂದು ಸಹಕಾರಿಯಲ್ಲಿ ಠೇವಣಿ ಇಟ್ಟಿದ್ದಾರೆ, 5 ಲಕ್ಷದವರೆಗೆ ವಿಮೆ ಇದೆ ಅಂತ ಸಚಿವರೇ ಹೇಳಿದ್ದಾರಂತೆ, ನಂಬಬಹುದಾ ಅನ್ನೋದು ಇನ್ನೊಂದು. ಎರಡನೆಯದಕ್ಕೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಅದು ಬ್ಯಾಂಕ್ ಆಗಿದ್ದರೆ ಹೌದು, ಸಂಘ ಆಗಿದ್ದರೆ ಇಲ್ಲ. ವಿವರ ಕೊನೆಗೆ ಬರೆದಿದ್ದೇನೆ, ದಯವಿಟ್ಟು ಅಲ್ಲಿಯವರೆಗೆ ಓದಿ.

ನಾನು ಮಂಡ್ಯದ ವಿ.ವಿ. ರಸ್ತೆಯಲ್ಲಿ ಕೂತು ಸಣ್ಣ ವ್ಯಾಪಾರಿಗಳ ಲೆಕ್ಕ ಬರೆಯುವವನು, ಜಿಎಸ್‌ಟಿ ರಿಟರ್ನ್ ಹಾಕುವವನು. ಆಲೆಮನೆಯವರು, ಬೆಲ್ಲದ ಮಂಡಿಯವರು, ದಿನಸಿ ಅಂಗಡಿಯವರು ನನ್ನ ಗಿರಾಕಿಗಳು. ಅಧಿವೇಶನ ನಡೆಯುವಾಗ ಸೋಮವಾರ ಲೋಕಸಭೆಯಲ್ಲಿ, ಮಂಗಳವಾರ ರಾಜ್ಯಸಭೆಯಲ್ಲಿ ಹಣಕಾಸು ಸಚಿವಾಲಯದ ಸರದಿ. ಆ ಎರಡು ದಿನ ರಾತ್ರಿ ಊಟ ಆದಮೇಲೆ ಕೂತು ಉತ್ತರಗಳನ್ನು ಓದುತ್ತೇನೆ.

ಟಿವಿಯಲ್ಲಿ ನಾವು ನೋಡುವುದು ಗಲಾಟೆ ಮಾತ್ರ. ಲೋಕಸಭೆಯಲ್ಲಿ ಒಂದು ದಿನಕ್ಕೆ ಚುಕ್ಕೆ ಗುರುತಿನ ಪ್ರಶ್ನೆ 20. ಸಚಿವರು ಎದ್ದು ನಿಂತು ಬಾಯಿಮಾತಲ್ಲಿ ಉತ್ತರ ಕೊಡಬೇಕಾದವು ಅವು. ಅದೇ ದಿನ ಎಲ್ಲ ಸಚಿವಾಲಯ ಸೇರಿ 230 ಚುಕ್ಕೆ ಗುರುತಿಲ್ಲದ ಪ್ರಶ್ನೆಗಳಿಗೆ ಲಿಖಿತ ಉತ್ತರ ಬರುತ್ತದೆ. ನಮಗೆ ಬೇಕಾದ ತಿರುಳು ಜಾಸ್ತಿ ಸಿಗುವುದು ಈ ಲಿಖಿತ ಉತ್ತರಗಳಲ್ಲೇ. ಸಚಿವರು ಸದನಕ್ಕೆ ತಪ್ಪು ಮಾಹಿತಿ ಕೊಟ್ಟರೆ ಆಮೇಲೆ ತಿದ್ದುಪಡಿ ಹೇಳಿಕೆ ಕೊಡಬೇಕಾಗುತ್ತದೆ. ಹಾಗಾಗಿ ಅಧಿಕಾರಿಗಳು ಒಂದೊಂದು ಪದವನ್ನೂ ತೂಗಿ ಬರೆದಿರುತ್ತಾರೆ. ನಾವೂ ಹಾಗೇ ತೂಗಿ ಓದಬೇಕು.

ಒಂದು ಉದಾಹರಣೆ ಹೇಳುತ್ತೇನೆ. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಾಕಿದ ಅಕ್ಕಿ, ಹಿಟ್ಟು, ಮೊಸರು, ಪುರಿ, ಬೆಲ್ಲಕ್ಕೆಲ್ಲ ಶೇ 5 ಜಿಎಸ್‌ಟಿ ಬಂತು. ಟಿವಿಯಲ್ಲಿ 'ಬೆಲ್ಲಕ್ಕೂ ಜಿಎಸ್‌ಟಿ' ಅಂತಷ್ಟೇ ಓಡಿತು. ಮುಂದಿನ ವಾರ ಆಲೆಮನೆಯವರೊಬ್ಬರು ನನ್ನ ಹತ್ತಿರ ಬಂದರು. ಜೇಬಿನಿಂದ ನಾಲ್ಕು ಮಡಿಕೆ ಮಾಡಿದ ಚೀಟಿ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. ಬೆರಳಿಗೆ ಅಂಟಿದ್ದ ಪಾಕ ಕಾಗದಕ್ಕೂ ಹತ್ತಿತ್ತು. 10 ಕ್ವಿಂಟಾಲ್ ಬಕೆಟ್ ಬೆಲ್ಲ, 36,000 ರೂಪಾಯಿ. ಅದರ ಕೆಳಗೆ ಕೊಂಡವರು ಪೆನ್ನಲ್ಲಿ 'ಜಿಎಸ್‌ಟಿ 1,800' ಅಂತ ಬರೆದು ಕಳೆದಿದ್ದರು. 'ಸರ್ಕಾರದ ದುಡ್ಡಂತೆ, ನಾವೇನು ಮಾಡೋಕಾಯ್ತದೆ ಸಾರ್' ಅಂದರು.

ಅವರ ಬೆಲ್ಲಕ್ಕೆ ಪ್ಯಾಕೂ ಇರಲಿಲ್ಲ, ಲೇಬಲ್ಲೂ ಇರಲಿಲ್ಲ. ಬಿಡಿ ಬೆಲ್ಲಕ್ಕೆ ತೆರಿಗೆಯೇ ಇಲ್ಲ. ಅಕ್ಕಿ, ಬೇಳೆ, ಹಿಟ್ಟಿನಂಥವನ್ನು ಬಿಡಿಯಾಗಿ ಮಾರಿದರೆ ಜಿಎಸ್‌ಟಿ ಇಲ್ಲ ಅಂತ ನಿರ್ಮಲಾ ಸೀತಾರಾಮನ್ ಅವರೇ ಪಟ್ಟಿ ಮಾಡಿ ಹೇಳಿದ್ದರು. ಬೆಲ್ಲದ ಅಧಿಸೂಚನೆಯಲ್ಲೂ ಅದೇ ಮಾತು ಇತ್ತು. ಅದರ ಪ್ರಿಂಟ್ ತೆಗೆದು, 'ಪ್ಯಾಕ್ ಮಾಡಿ ಲೇಬಲ್ ಹಾಕಿದ' ಅನ್ನುವ ಕಡೆ ಕೆಂಪು ಗೆರೆ ಎಳೆದು, ಕನ್ನಡದಲ್ಲಿ ಅರ್ಥ ಬರೆದು ಕೊಟ್ಟೆ. ಎರಡು ದಿನ ಬಿಟ್ಟು 1,800 ವಾಪಸ್ ಬಂತು ಅಂತ ಫೋನ್ ಮಾಡಿದರು. ಇಲ್ಲದ ತೆರಿಗೆಯ ಹೆಸರಲ್ಲಿ ರೈತರ ದುಡ್ಡು ಹೋಗುವುದು ನೋಡಿದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಅದೇ ಸಮಯದಲ್ಲಿ ಅಕ್ಕಿ ಅಂಗಡಿಗಳಿಗೆ 26 ಕೆ.ಜಿ. ಚೀಲ ಬಂದಿದ್ದು ನೀವೂ ನೋಡಿರಬಹುದು. 25 ಕೆ.ಜಿ. ಮೀರಿದ ಚೀಲಕ್ಕೆ ಈ ತೆರಿಗೆ ಇಲ್ಲ ಅಂತ ಸರ್ಕಾರ ಸ್ಪಷ್ಟನೆ ಕೊಟ್ಟಿತ್ತು. ದೊಡ್ಡ ವ್ಯಾಪಾರಿಗಳು ಓದಿಕೊಂಡಿದ್ದರು, ನಮ್ಮ ಆಲೆಮನೆಯವರಿಗೆ ಓದಿ ಹೇಳುವವರು ಇರಲಿಲ್ಲ. ವ್ಯತ್ಯಾಸ ಅಷ್ಟೇ.

ಯುಪಿಐ ವಿಷಯದಲ್ಲೂ ಇದೇ ಆಯಿತು. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಹೋದವು. ಕಳಿಸಿದ್ದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ. ಅದರ ಜೊತೆಗೆ '2,000 ರೂಪಾಯಿ ಮೇಲೆ ಫೋನ್‌ಪೇ ಮಾಡಿದರೆ ಜಿಎಸ್‌ಟಿ' ಅನ್ನುವ ಸುದ್ದಿಯೂ ಹಬ್ಬಿತು. ನನ್ನ ಆಫೀಸಿನ ಕೆಳಗಿನ ದಿನಸಿ ಅಂಗಡಿಯವರಿಗೆ ನೋಟಿಸ್ ಬಂದಿರಲಿಲ್ಲ. ಆದರೂ ಕ್ಯೂಆರ್ ಸ್ಟಿಕರ್ ಮೇಲೆ ಹಳೇ ಕ್ಯಾಲೆಂಡರಿನ ಹಾಳೆ ಅಂಟಿಸಿ 'ಕ್ಯಾಶ್ ಮಾತ್ರ' ಅಂತ ಬರೆದಿದ್ದರು. ಜುಲೈ 22ರಂದು ರಾಜ್ಯಸಭೆಯಲ್ಲಿ ಹಣಕಾಸು ರಾಜ್ಯ ಸಚಿವ ಪಂಕಜ್ ಚೌಧರಿ ಅವರ ಲಿಖಿತ ಉತ್ತರ ಬಂತು. 2,000 ಮೀರಿದ ಯುಪಿಐ ಪಾವತಿಗೆ ಜಿಎಸ್‌ಟಿ ಹಾಕಲು ಜಿಎಸ್‌ಟಿ ಮಂಡಳಿ ಶಿಫಾರಸು ಮಾಡಿಲ್ಲ ಅಂತ ಅದರಲ್ಲಿತ್ತು.

ಮೊಬೈಲಿನಲ್ಲಿ ಅದನ್ನು ತೋರಿಸಿ ಅವರಿಗೆ ಬಿಡಿಸಿ ಹೇಳಿದೆ. ದುಡ್ಡು ಯುಪಿಐನಲ್ಲಿ ಬಂತು ಅಂತ ತೆರಿಗೆ ಬೀಳುವುದಿಲ್ಲ. ವರ್ಷದ ಒಟ್ಟು ವ್ಯಾಪಾರ ಎಷ್ಟು ಅನ್ನೋದಷ್ಟೇ ಲೆಕ್ಕ. ಸರಕು ಮಾರುವವರಿಗೆ ನಮ್ಮ ರಾಜ್ಯದಲ್ಲಿ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ನೋಂದಣಿ ಮಾಡಿಸಬೇಕು. ಕ್ಯಾಶ್ ತಗೊಂಡರೂ ಲೆಕ್ಕ ಅದೇ. 40 ಲಕ್ಷ ಅಂದರೆ ದಿನಕ್ಕೆ ಸುಮಾರು 11,000 ಆಯಿತು. ಅವರ ವ್ಯಾಪಾರ ದಿನಕ್ಕೆ 7,000 ದಾಟುವುದಿಲ್ಲ. ಬರೀ ಹಾಲು, ತರಕಾರಿ ಥರ ತೆರಿಗೆ ಇಲ್ಲದ್ದನ್ನೇ ಮಾರುವವರು ಎಷ್ಟು ಮಾರಿದರೂ ನೋಂದಣಿ ಬೇಕಿಲ್ಲ. ಆದರೆ ಹಾಲಿನ ಜೊತೆ ಸೋಪೂ ಮಾರಿದರೆ ಎರಡೂ ಸೇರಿ 40 ಲಕ್ಷದ ಲೆಕ್ಕಕ್ಕೆ ಬರುತ್ತವೆ. ಇದು ಬಹಳ ಜನಕ್ಕೆ ಗೊತ್ತಿಲ್ಲ, ನೀವು ಅಂಗಡಿ ಇಟ್ಟಿದ್ದರೆ ಗಮನದಲ್ಲಿಡಿ. ನೋಟಿಸಿನ ಗೊಂದಲಕ್ಕೆ ಉತ್ತರ ಹೇಳಬೇಕಾಗಿದ್ದು ದೆಹಲಿ ಅಲ್ಲ, ಬೆಂಗಳೂರು. ಆಗ ರಾಜ್ಯದ ಹಣಕಾಸು ಖಾತೆ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಕೈಯಲ್ಲೇ ಇತ್ತು. ಅವರು ವ್ಯಾಪಾರಿಗಳನ್ನು ಕರೆದು ಮಾತಾಡಿ, ಹಳೇ ಬಾಕಿ ವಸೂಲಿ ಮಾಡುವುದಿಲ್ಲ ಎಂದ ಮೇಲೆ ಜನ ಉಸಿರು ಬಿಟ್ಟರು.

ಉತ್ತರ ಓದುವಾಗ ನಾನು ಮೊದಲು ನೋಡುವುದು ಪ್ರಶ್ನೆಯನ್ನು. ಒಬ್ಬ ಸಂಸದರು ಎ, ಬಿ, ಸಿ, ಡಿ ಅಂತ ನಾಲ್ಕು ಭಾಗ ಮಾಡಿ ಕೇಳಿರುತ್ತಾರೆ. ಉತ್ತರ '(ಎ)ಯಿಂದ (ಡಿ)ವರೆಗೆ' ಅಂತ ಒಟ್ಟಿಗೆ ಬಂದಿದ್ದರೆ ಹುಷಾರಾಗಿ. ನಾಲ್ಕರಲ್ಲಿ ಯಾವುದಕ್ಕೋ ನೇರ ಉತ್ತರ ಇರುವುದಿಲ್ಲ, ಹುಡುಕಿದರೆ ಗೊತ್ತಾಗುತ್ತದೆ. 'ಅಂಥ ಪ್ರಸ್ತಾವ ಸದ್ಯಕ್ಕೆ ಇಲ್ಲ' ಅಂದಿದ್ದರೆ 'ಸದ್ಯಕ್ಕೆ' ಅನ್ನೋದನ್ನೂ ಓದಬೇಕು. 'ಮಾಹಿತಿ ಸಂಗ್ರಹಿಸಿ ಸದನದ ಮುಂದೆ ಇಡುತ್ತೇವೆ' ಅಂದಿದ್ದರೆ ಅದು ಭರವಸೆ ಅಂತ ದಾಖಲಾಗುತ್ತದೆ. ಮೂರು ತಿಂಗಳೊಳಗೆ ಈಡೇರಿಸಬೇಕು, ಅದನ್ನು ನೋಡಲೆಂದೇ ಸರ್ಕಾರಿ ಭರವಸೆಗಳ ಸಮಿತಿ ಇದೆ.

ಕೇಳಿ ಏನು ಪ್ರಯೋಜನ ಅನ್ನುವವರಿಗೆ ನಾನು ಆರೋಗ್ಯ ವಿಮೆಯ ಕಥೆ ಹೇಳುತ್ತೇನೆ. ನಮ್ಮ ತಾಯಿಯ ಪಾಲಿಸಿಗೆ 30,000 ಪ್ರೀಮಿಯಂ, ಅದರ ಮೇಲೆ ಶೇ 18ರಂತೆ 5,400 ತೆರಿಗೆ ಕಟ್ಟುತ್ತಿದ್ದೆ. 2024ರಲ್ಲಿ ಇದರ ಬಗ್ಗೆ ಸದನದಲ್ಲಿ ಗಟ್ಟಿಯಾಗಿ ದನಿ ಎದ್ದಿತು. ಜಿಎಸ್‌ಟಿಗಿಂತ ಮೊದಲೂ ಈ ತೆರಿಗೆ ಇತ್ತು ಅನ್ನೋದು ಮೊದಲ ಉತ್ತರ. ಆಮೇಲೆ ಸೆಪ್ಟೆಂಬರ್‌ನಲ್ಲಿ ಮಂಡಳಿ ಇದನ್ನು ಸಚಿವರ ಗುಂಪಿಗೆ ಒಪ್ಪಿಸಿತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆ, ಜೀವ ವಿಮೆಯ ಪ್ರೀಮಿಯಂಗೆ ಜಿಎಸ್‌ಟಿ ಶೂನ್ಯ. ಮಂಡಳಿಯಲ್ಲಿ ಕೇಂದ್ರದ ಮತಕ್ಕೆ ಮೂರನೇ ಒಂದು ಭಾಗದ ತೂಕ, ರಾಜ್ಯಗಳಿಗೆ ಮೂರನೇ ಎರಡು ಭಾಗ, ತೀರ್ಮಾನ ಆಗಲು ನಾಲ್ಕನೇ ಮೂರು ಭಾಗ ಬೇಕು. ಅಂದರೆ ಕೇಂದ್ರದ ಸಚಿವರನ್ನು ಕೇಳಿದರೆ ಸಾಲದು, ನಮ್ಮ ರಾಜ್ಯದ ಪ್ರತಿನಿಧಿ ಅಲ್ಲಿ ಏನು ಹೇಳಿದರು ಅಂತಲೂ ಕೇಳಬೇಕು.

ತೆರಿಗೆ ಪಾಲಿನ ವಿಷಯವೂ ಹಾಗೆಯೇ. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳಿಗೆ ಹಂಚುವ ಗಂಟಿನಲ್ಲಿ 14ನೇ ಹಣಕಾಸು ಆಯೋಗ ಕರ್ನಾಟಕಕ್ಕೆ ಶೇ 4.713 ಪಾಲು ಕೊಟ್ಟಿತ್ತು, 15ನೆಯದು ಶೇ 3.647ಕ್ಕೆ ಇಳಿಸಿತು. 2024ರ ಫೆಬ್ರುವರಿಯಲ್ಲಿ ರಾಜ್ಯಗಳ ಪಾಲಿನ ಮಾತು ಬಂದಾಗ, ಆಯೋಗ ಹೇಳಿದ್ದನ್ನು ನನ್ನಿಷ್ಟಕ್ಕೆ ಬದಲಿಸಲಾಗದು ಎಂದು ಸಚಿವರು ಹೇಳಿದರು. ಅದು ನಿಜ. ಆದರೆ ಸೆಸ್, ಸರ್‌ಚಾರ್ಜ್ ಹಂಚುವ ಗಂಟಿಗೇ ಬರುವುದಿಲ್ಲ. ಅದನ್ನು ಬೇರೆಯಾಗಿ ಕೇಳಿದರೆ ಮಾತ್ರ ಉತ್ತರ ಬರುತ್ತದೆ.

ಮೈಸೂರಿನವರಿಗೆ ಇದು ಹೊಸದೂ ಅಲ್ಲ. 1881ರ ದಸರಾ ಸಮಯದಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಸೇರಿಸಿ ಸಂಸ್ಥಾನದ ಆದಾಯ, ಖರ್ಚು ಓದಿ ಹೇಳಿದ್ದರು. ಪುರಭವನಕ್ಕೆ ಅವರ ಹೆಸರೇ ಇದೆ. ಅಂಥ ಊರಿನ ನಮಗೆ ಇವತ್ತು ಸಂಸತ್ತಿನ ಲಿಖಿತ ಉತ್ತರಗಳು ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಸಿಗುತ್ತವೆ. ಕೇಂದ್ರ ಸರ್ಕಾರದ ಸುದ್ದಿ ಪ್ರಕಟಣೆ ಕೊಡುವ ಪಿಐಬಿ ಕೆಲವು ಪ್ರಕಟಣೆಗಳನ್ನು ಕನ್ನಡದಲ್ಲಿ ಹಾಕುತ್ತದೆ, ಆದರೆ ಎಲ್ಲವನ್ನೂ ಅಲ್ಲ. ತೆರಿಗೆ ಕಟ್ಟುವವರ ಭಾಷೆಯಲ್ಲಿ ತೆರಿಗೆಯ ಉತ್ತರ ಇರಬೇಕು. ಇದನ್ನು ನಾನು ಸಿಕ್ಕಿದವರಿಗೆಲ್ಲ ಹೇಳುತ್ತೇನೆ.

ನೀವೂ ಪ್ರಶ್ನೆ ಕೇಳಿಸಬಹುದು. ಸಂಸದರು ಕನಿಷ್ಠ 15 ದಿನ ಮುಂಚೆ ನೋಟಿಸ್ ಕೊಡಬೇಕು, ಹಾಗಾಗಿ ಅಧಿವೇಶನಕ್ಕೆ ಒಂದು ತಿಂಗಳು ಇರುವಾಗಲೇ ಬರೆದು ಕೊಡಿ. ಮಂಡ್ಯದಿಂದ 2024ರಲ್ಲಿ ಗೆದ್ದ ಎಚ್.ಡಿ. ಕುಮಾರಸ್ವಾಮಿ ಕೇಂದ್ರ ಸಚಿವರಾದರು, ಸಚಿವರು ಪ್ರಶ್ನೆ ಕೇಳುವಂತಿಲ್ಲ. ಮೈಸೂರಿನಿಂದ ಗೆದ್ದ ಯದುವೀರ್ ಒಡೆಯರ್ ಅವರು ಕೇಳಬಹುದು, ರಾಜ್ಯಸಭೆಗೆ ಇಲ್ಲಿಂದ ಹೋದವರೂ ಕೇಳಬಹುದು. ನಿರ್ಮಲಾ ಅವರೂ 2016ರಿಂದ ಕರ್ನಾಟಕದಿಂದಲೇ ರಾಜ್ಯಸಭೆ ಪ್ರವೇಶಿಸಿದವರು.

ಈಗ ನಿಮ್ಮ ತಂದೆಯ ದುಡ್ಡಿನ ವಿಷಯ.

ಠೇವಣಿ ವಿಮೆ 1993ರಿಂದ 1 ಲಕ್ಷದಲ್ಲೇ ನಿಂತಿತ್ತು. 2020ರ ಫೆಬ್ರುವರಿ 4ರಿಂದ 5 ಲಕ್ಷ ಆಯಿತು. ಅಸಲು, ಬಡ್ಡಿ ಸೇರಿ, ಒಂದು ಬ್ಯಾಂಕಿನ ಎಲ್ಲ ಶಾಖೆ ಸೇರಿ ಒಬ್ಬರಿಗೆ 5 ಲಕ್ಷ. ಬ್ಯಾಂಕಿನ ಮೇಲೆ ಆರ್‌ಬಿಐ ನಿರ್ಬಂಧ ಹಾಕಿದರೆ 90 ದಿನದೊಳಗೆ ಈ ಹಣ ಕೊಡಬೇಕು ಅಂತ 2021ರಲ್ಲಿ ಕಾನೂನು ತಿದ್ದಿದರು. ಸಹಕಾರ ಬ್ಯಾಂಕುಗಳಿಗೂ ಇದು ಅನ್ವಯ. ಸಚಿವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಅವರು ಹೇಳಿದ್ದು 'ಬ್ಯಾಂಕ್' ಅಂತ.

ಶ್ರೀರಂಗಪಟ್ಟಣದ ನಮ್ಮ ಚಿಕ್ಕಮ್ಮ ಸೈಟು ಮಾರಿದ 4 ಲಕ್ಷ ಒಂದು ಕಡೆ ಇಟ್ಟಿದ್ದರು. ಊರಲ್ಲೆಲ್ಲ ಅದನ್ನು ಬ್ಯಾಂಕು ಅಂತಲೇ ಕರೆಯುತ್ತಿದ್ದರು. ಬಾಗಿಲು ಹಾಕಿದ ಮೇಲೆ ಅವರು ಪೇಪರ್ ಕಟಿಂಗ್ ಹಿಡಿದು ಬಂದರು. 'ಮಗಾ, 90 ದಿನ ಆಯ್ತು, ದುಡ್ಡು ಯಾವಾಗ ಬರುತ್ತೆ?' ಪಾಸ್‌ಬುಕ್ ತೆಗೆದು ನೋಡಿದೆ. ಮೊದಲ ಪುಟದಲ್ಲಿ, ಸೀಲಿನ ಕೆಳಗೆ ಸಣ್ಣ ಅಕ್ಷರದಲ್ಲಿ 'ಪತ್ತಿನ ಸಹಕಾರ ಸಂಘ ನಿಯಮಿತ' ಅಂತ ಇತ್ತು. ಸಂಘಗಳಿಗೆ ಆರ್‌ಬಿಐ ಲೈಸೆನ್ಸ್ ಇರುವುದಿಲ್ಲ, ಆ ವಿಮೆ ಇಲ್ಲ. ಅಂಥವರು ಹೆಸರಿನ ಜೊತೆ ಬ್ಯಾಂಕ್ ಅಂತ ಬಳಸಬಾರದು, ಅವುಗಳ ಠೇವಣಿಗೆ ವಿಮೆ ಇಲ್ಲ ಅಂತ ಆರ್‌ಬಿಐ 2021ರ ನವೆಂಬರ್‌ನಲ್ಲೇ ಎಚ್ಚರಿಸಿತ್ತು. ಅದನ್ನು ಚಿಕ್ಕಮ್ಮನಿಗೆ ಹೇಳುವಾಗ ನನ್ನ ಬಾಯಿ ಒಣಗಿತು. ಅವರು ಕಟಿಂಗನ್ನು ಮತ್ತೆ ಮಡಚಿ ಪಾಸ್‌ಬುಕ್ಕಿನೊಳಗೇ ಇಟ್ಟುಕೊಂಡು ಹೋದರು. ಇವತ್ತಿಗೂ ಪೂರ್ತಿ ದುಡ್ಡು ಬಂದಿಲ್ಲ.

ಸಹಕಾರ ಸಂಘಗಳು ರಾಜ್ಯದ ವಿಷಯ. ದೂರು ಹೋಗಬೇಕಾದ್ದು ಸಹಕಾರ ಸಂಘಗಳ ನಿಬಂಧಕರಿಗೆ. ಒಂದಕ್ಕಿಂತ ಹೆಚ್ಚು ರಾಜ್ಯಗಳಲ್ಲಿರುವ ಮಲ್ಟಿಸ್ಟೇಟ್ ಸಂಘವಾದರೆ ಕೇಂದ್ರ ನಿಬಂಧಕರಿಗೆ. ಹಣಕಾಸು ಸಚಿವರನ್ನು ಕೇಳಿದರೆ ಇದು ರಾಜ್ಯದ್ದು ಅಂತಾರೆ, ಅದು ಜಾರಿಕೊಳ್ಳುವ ಮಾತಲ್ಲ.

ಇವತ್ತೇ ಪಾಸ್‌ಬುಕ್ ತೆಗೆಸಿ ಪೂರ್ತಿ ಹೆಸರು ಓದಿ. 'ಸೌಹಾರ್ದ' ಅಂತಲೋ 'ಸಂಘ' ಅಂತಲೋ ಮಾತ್ರ ಇದೆಯಾ, 'ಬ್ಯಾಂಕ್' ಅಂತ ಇದೆಯಾ ನೋಡಿ. ಬ್ಯಾಂಕ್ ಅಂತ ಇದ್ದರೂ ಈ ಠೇವಣಿ ವಿಮೆ ಕೊಡುವ ನಿಗಮವಾದ ಡಿಐಸಿಜಿಸಿಯ ವೆಬ್‌ಸೈಟಿನ ವಿಮೆ ಇರುವ ಬ್ಯಾಂಕುಗಳ ಪಟ್ಟಿಯಲ್ಲಿ ಆ ಹೆಸರು ಹುಡುಕಿ. ಪಟ್ಟಿಯಲ್ಲಿ ಇಲ್ಲದಿದ್ದರೆ ಠೇವಣಿಯ ಅವಧಿ ಮುಗಿಯುವ ತಾರೀಕು ಬರೆದಿಟ್ಟುಕೊಳ್ಳಿ, ಮತ್ತೆ ರಿನ್ಯೂ ಮಾಡಿಸಬೇಡಿ. ಠೇವಣಿ ಬಾಂಡಿನ ಮೂಲ ಪ್ರತಿ ತಂದೆಯವರ ಹತ್ತಿರವೇ ಇರಲಿ. ಅರ್ಥವಾಗದಿದ್ದರೆ ಪಾಸ್‌ಬುಕ್ಕಿನಲ್ಲಿ ಅದು ಬ್ಯಾಂಕ್ ಅಂತಿದೆಯಾ, ಸಂಘ ಅಂತಿದೆಯಾ ಅಷ್ಟನ್ನು ಕೆಳಗೆ ಬರೆಯಿರಿ, ಖಾತೆ ನಂಬರ್ ಹಾಕಬೇಡಿ. ರಾತ್ರಿ ಒಂಬತ್ತರ ಮೇಲೆ ಕೂತು ನೋಡಿ ಹೇಳುತ್ತೇನೆ.