ರಂಗ ಪ್ರಶ್ನೋತ್ತರ: ಹೊಸ ನಾಟಕ ಮೊದಲು ಕಿವಿಗೆ ಬೀಳಲಿ

ಪ್ರದರ್ಶನಕ್ಕೆ ಮುನ್ನ ಹೊಸ ನಾಟಕವನ್ನು ಪ್ರೇಕ್ಷಕರೆದುರು ಓದಿಸುವ ಬಗ್ಗೆ ಬಂದ ಪ್ರಶ್ನೆಗಳಲ್ಲಿ ನಾಲ್ಕಕ್ಕೆ ಈ ಸಂಚಿಕೆಯಲ್ಲಿ ಉತ್ತರ.

ನನ್ನ ಮೊದಲ ನಾಟಕ 60 ಪುಟ, 14 ಪಾತ್ರ. ವಾಚನಕ್ಕೆ ಎಷ್ಟು ನಟರು ಬೇಕು? ಎಷ್ಟು ತಾಲೀಮು? (ಧಾರವಾಡದ ಓದುಗರು)

ಏಳು ನಟರು ಸಾಕು, ಜೊತೆಗೆ ರಂಗಸೂಚನೆ (ಮಾತಲ್ಲದ, ರಂಗದ ಮೇಲೆ ಏನಾಗುತ್ತದೆಂದು ತಿಳಿಸುವ ಸಾಲು) ಓದಲು ಇನ್ನೊಬ್ಬರು. ದೊಡ್ಡ ಹಾಳೆಯ ಮೇಲೆ ಅಡ್ಡಕ್ಕೆ ದೃಶ್ಯಗಳನ್ನೂ ಉದ್ದಕ್ಕೆ ಪಾತ್ರಗಳನ್ನೂ ಬರೆದು, ಯಾರು ಎಲ್ಲೆಲ್ಲಿ ಬರುತ್ತಾರೆಂದು ಗುರುತು ಹಾಕಿ. ಒಂದೇ ದೃಶ್ಯದಲ್ಲಿ ಎದುರಾಗದ ಪಾತ್ರಗಳನ್ನು ಒಬ್ಬರಿಗೇ ಕೊಡಬಹುದು. ಮುಖ್ಯ ಪಾತ್ರದವರಿಗೆ ಮಾತ್ರ ಎರಡನೆಯ ಪಾತ್ರ ಬೇಡ. ಅವರ ದನಿ ಪ್ರೇಕ್ಷಕರ ಕಿವಿಯಲ್ಲಿ ಆ ಪಾತ್ರವಾಗಿಯೇ ಕೂತಿರುತ್ತದೆ.

ಮೂರು ಗಂಟೆಯ ಎರಡು ತಾಲೀಮು ಮಾಡಿ. ಮೊದಲನೆಯದರಲ್ಲಿ ಎಲ್ಲರೂ ಸುತ್ತ ಕೂತು ಪೂರ್ತಿ ಓದಲಿ, ಉಚ್ಚಾರಣೆ ಮತ್ತು ಅರ್ಥದ ಅನುಮಾನಗಳನ್ನು ನೀವು ಬಗೆಹರಿಸಿ. ಎರಡನೆಯದು ನಿಂತು ಓದುವುದಕ್ಕೆ, ಗಡಿಯಾರ ಹಿಡಿದು ಪ್ರತಿ ದೃಶ್ಯದ ಅವಧಿ ಬರೆದುಕೊಳ್ಳುವುದಕ್ಕೆ. ಅದಕ್ಕಿಂತ ಹೆಚ್ಚು ತಾಲೀಮು ಬೇಡವೆಂದೇ ನಮ್ಮ ಸಲಹೆ. ಐದಾರು ಸಲ ಕೂತರೆ ಒಳ್ಳೆಯ ನಟರು ಬರವಣಿಗೆಯ ತೂತುಗಳನ್ನು ಅಭಿನಯದಿಂದ ಮುಚ್ಚಿಬಿಡುತ್ತಾರೆ. ಆ ತೂತು ಎಲ್ಲಿದೆ ಎಂದು ಕೇಳಿಸಿಕೊಳ್ಳುವುದಕ್ಕೇ ಅಲ್ಲವೇ ಈ ವಾಚನ? ಸೆಟ್, ಉಡುಪು, ಹಿನ್ನೆಲೆ ಸಂಗೀತವೂ ಬೇಡವೆನ್ನುವುದು ಇದಕ್ಕಾಗಿಯೇ. ಅಮೆರಿಕದ ವಾಟರ್‌ಫರ್ಡ್‌ನಲ್ಲಿ 1964ರಲ್ಲಿ ಶುರುವಾದ ಯೂಜೀನ್ ಓ'ನೀಲ್ ರಂಗಕೇಂದ್ರದಲ್ಲಿ ಹೊಸ ನಾಟಕಕಾರರ ಕೃತಿಗಳನ್ನು ನಟರು ಸ್ಕ್ರಿಪ್ಟ್ ಕೈಯಲ್ಲಿ ಹಿಡಿದೇ ಪ್ರೇಕ್ಷಕರ ಮುಂದಿಡುತ್ತಾರೆ.

14 ಪಾಯಿಂಟ್ ಅಕ್ಷರದಲ್ಲಿ, ಒಂದೂವರೆ ಸಾಲಿನ ಅಂತರದಲ್ಲಿ ಟೈಪಾದ ಎ4 ಪುಟಕ್ಕೆ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ನಿಮಿಷ. ನಿಮ್ಮದು ಎರಡು ಗಂಟೆಯ ಹತ್ತಿರ ಹೋಗಬಹುದು. ನಡುವೆ ಹತ್ತು ನಿಮಿಷ ಬಿಡುವು ಕೊಡಿ, ಆದರೆ ಅರ್ಧ ನಾಟಕ ಓದಿ ನಿಲ್ಲಿಸಬೇಡಿ. ಕೊನೆಯಲ್ಲಿ ಕಾಣುವ ತೊಡಕಿನ ಬೇರು ಬಹಳ ಸಲ ಮೊದಲ ದೃಶ್ಯದಲ್ಲಿರುತ್ತದೆ.

ರಂಗಸೂಚನೆಗಳನ್ನೆಲ್ಲ ಓದಬೇಕೇ? (ಶಿರಸಿಯ ಓದುಗರು)

ಬೇಡ. ವಾಚನಗಳು ಹೆಚ್ಚಾಗಿ ಕೆಡುವುದೇ ಇಲ್ಲಿ. ಒಂದು ಉದಾಹರಣೆ ನೋಡಿ:

"ಗಂಗಮ್ಮ ಒಲೆಯ ಮುಂದೆ ಕೂತಿದ್ದಾಳೆ. ಹದಿನೈದು ವರ್ಷದ ನೋವು ಅವಳ ಎದೆಯಲ್ಲಿ ಮಡುಗಟ್ಟಿದೆ. (ಸಿಟ್ಟಿನಿಂದ) ಯಾರದು? ಪತ್ರ ಹರಿದು ಒಲೆಗೆ ಹಾಕುತ್ತಾಳೆ."

ಮೊದಲ ವಾಕ್ಯ ಓದಬೇಕು. ಪತ್ರ ಹರಿಯುವುದನ್ನೂ ಓದಲೇಬೇಕು, ಅದಿಲ್ಲದೆ ಮುಂದಿನ ಮಾತು ಅರ್ಥವಾಗದು. "ಸಿಟ್ಟಿನಿಂದ" ಎಂಬುದನ್ನು ನಟಿಯ ದನಿಗೆ ಬಿಡಿ. ಎರಡನೆಯ ವಾಕ್ಯವನ್ನಂತೂ ಓದಲೇಕೂಡದು. ರಂಗದ ಮೇಲೆ ಯಾರ ಕಣ್ಣಿಗೂ ಬೀಳದ ಆ ಹದಿನೈದು ವರ್ಷವನ್ನು ಓದಿ ಹೇಳಿದರೆ, ಗಂಗಮ್ಮನ ಮಾತಿನಿಂದ ಬರಬೇಕಾದ್ದನ್ನು ನಾಟಕಕಾರರು ರಂಗಸೂಚನೆಯೊಳಗೆ ಬಚ್ಚಿಟ್ಟಿದ್ದಾರೆ ಎಂಬುದು ಗೊತ್ತೇ ಆಗುವುದಿಲ್ಲ. ಅದನ್ನು ಬಿಟ್ಟು ಓದಿಸಿ ನೋಡಿ. ನೋವು ಕೇಳಿಸಿತೇ? ಇಲ್ಲವಾದರೆ ಮಾತು ತಿದ್ದಬೇಕು.

ಯಾವುದನ್ನು ಓದಬೇಕೆಂದು ಮೊದಲೇ ಗೆರೆ ಎಳೆದು ಕೊಡಿ. ಓದುವವರ ದನಿ ಸಪಾಟಾಗಿರಲಿ.

ಸ್ಕ್ರಿಪ್ಟ್ ಹೇಗೆ ತಯಾರಿಸಬೇಕು? ಭಾಷೆ ಹುಬ್ಬಳ್ಳಿ ಕಡೆಯದು, ನಟರು ಬೆಂಗಳೂರಿನವರು. (ಬೆಂಗಳೂರಿನ ಓದುಗರು)

ಹಾಳೆಯ ಒಂದೇ ಬದಿಗೆ ಮುದ್ರಿಸಿ, ಪುಟದ ಸಂಖ್ಯೆ ಮರೆಯಬೇಡಿ. ಪಿನ್ ಹೊಡೆಯದೆ ಬಿಡಿ ಹಾಳೆಗಳಾಗಿಯೇ ಸ್ಟ್ಯಾಂಡಿನ ಮೇಲಿಟ್ಟರೆ ಓದಿದ್ದನ್ನು ಸದ್ದಿಲ್ಲದೆ ಪಕ್ಕಕ್ಕೆ ಸರಿಸಬಹುದು. ಪಿನ್ ಹೊಡೆದರೆ ಎಂಟು ಜನ ಒಟ್ಟಿಗೆ ಪುಟ ತಿರುವುವ ಸದ್ದಿಗೆ ಮಾತು ಮುಳುಗುತ್ತದೆ. ಒಂದು ಮಾತು ಎರಡು ಪುಟಕ್ಕೆ ಹಂಚಿಹೋಗದಂತೆ ನೋಡಿಕೊಳ್ಳಿ. ತಾಲೀಮಿನ ನಂತರ ತಿದ್ದಿದ ಪುಟಗಳು ಬೇರೆ ಬಣ್ಣದ ಹಾಳೆಯಲ್ಲಿರಲಿ, ಹಳತು ಹೊಸತು ಬೆರೆಯುವುದಿಲ್ಲ. 'ನುಡಿ', 'ಬರಹ'ದಂಥ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಫೈಲನ್ನು ಪಿಡಿಎಫ್ ಮಾಡಿಯೇ ಕಳಿಸಿ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅಕ್ಷರವೆಲ್ಲ ಕಲಸುಮೇಲೋಗರವಾಗುತ್ತದೆ.

ಆಡುನುಡಿಯ ಕಾಗುಣಿತ ಉದ್ದಕ್ಕೂ ಒಂದೇ ಇರಲಿ. ಒಂದೇ ಪಾತ್ರ ಒಂದು ಕಡೆ "ಹೊಂಟೀನಿ" ಇನ್ನೊಂದು ಕಡೆ "ಹೊರಟೇನಿ" ಎಂದರೆ ನಟರು ಅಲ್ಲೇ ಎಡವುತ್ತಾರೆ. ಆ ಕಡೆಯವರೊಬ್ಬರಿಂದ ಮಾತುಗಳನ್ನು ಓದಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿ. ಅಷ್ಟಾದರೂ ನಾಲಿಗೆ ಹೊರಳದಿದ್ದರೆ ಪದ ಬದಲಿಸದೆ ತಮ್ಮ ಸಹಜ ದನಿಯಲ್ಲೇ ಓದಲಿ. ಅಣಕಿಸಿದಂತೆ ಕೇಳಿದರೆ ಅಳಬೇಕಾದ ಜಾಗದಲ್ಲಿ ಜನ ನಗುತ್ತಾರೆ.

ವಾಚನದ ನಂತರ ಎಲ್ಲರೂ "ಚೆನ್ನಾಗಿತ್ತು" ಎನ್ನುತ್ತಾರೆ. ಉಪಯೋಗವೇನು? ಬೇರೆಯವರು ವಸ್ತು ಕದಿಯುವ ಭಯವೂ ಇದೆ. (ಮೈಸೂರಿನ ಓದುಗರು)

"ಹೇಗಿತ್ತು?" ಎಂದು ಕೇಳಿದರೆ ಬರುವ ಉತ್ತರ ಅದೊಂದೇ. ಮುಖ್ಯ ಅತಿಥಿ, ಶಾಲು, ಹಾರ ಇಟ್ಟುಕೊಳ್ಳಬೇಡಿ. ಸನ್ಮಾನವಾದ ಮೇಲೆ ತಪ್ಪು ಹೇಳಲು ಯಾರಿಗೂ ಬಾಯಿ ಬರುವುದಿಲ್ಲ. ಅಮೆರಿಕದ ನೃತ್ಯ ಸಂಯೋಜಕಿ ಲಿಜ್ ಲರ್ಮನ್ 1990ರ ಸುಮಾರಿಗೆ ರೂಪಿಸಿದ ಕ್ರಮ ನಾಟಕಕ್ಕೂ ಚೆನ್ನಾಗಿ ಹೊಂದುತ್ತದೆ. ಮೊದಲು, ಯಾವುದು ಮನಸ್ಸಿನಲ್ಲಿ ನಿಂತಿತು ಎಂದು ಕೇಳುಗರು ಹೇಳುತ್ತಾರೆ. ಬಳಿಕ ನಾಟಕಕಾರರು ಪ್ರಶ್ನೆ ಕೇಳುತ್ತಾರೆ: "ಅಣ್ಣ ಸುಳ್ಳು ಹೇಳುತ್ತಿದ್ದಾನೆಂದು ನಿಮಗೆ ಯಾವಾಗ ಗೊತ್ತಾಯಿತು?" ಮೂರನೆಯದಾಗಿ ಕೇಳುಗರು ತೀರ್ಪಿಲ್ಲದ ಪ್ರಶ್ನೆ ಹಾಕುತ್ತಾರೆ. ಕೊನೆಗೆ, ನಾಟಕಕಾರರ ಒಪ್ಪಿಗೆ ಪಡೆದು ಅಭಿಪ್ರಾಯ. ಅರ್ಧ ಗಂಟೆ ಸಾಕು, ನಡೆಸಿಕೊಡುವವರು ಮೂರನೆಯವರಾಗಿರಲಿ. ಓದು ನಡೆಯುವಾಗ ನೀವು ಪ್ರೇಕ್ಷಕರ ಮುಖ ಕಾಣುವಂತೆ ಪಕ್ಕದಲ್ಲಿ ಕೂತುಕೊಳ್ಳಿ. ಕೆಮ್ಮು, ಕುರ್ಚಿಯ ಕಿರುಗುಟ್ಟುವಿಕೆ ಯಾವ ಪುಟದಲ್ಲಿ ಶುರುವಾಯಿತು ಎಂದು ಗೆಳೆಯರೊಬ್ಬರು ಗುರುತು ಹಾಕಲಿ. ಜನ ಬಾಯಿಬಿಟ್ಟು ಹೇಳದ್ದು ಅಲ್ಲಿ ಸಿಗುತ್ತದೆ.

ಕಳವಿನ ವಿಷಯ: ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಪುರಾವೆಗೆ ಬರುತ್ತದೆ. ರಕ್ಷಣೆ ಇರುವುದು ಬರೆದ ರೂಪಕ್ಕೆ, ಬರೀ ಕಲ್ಪನೆಗಲ್ಲ. ರೆಕಾರ್ಡಿಂಗ್ ಬೇಡವೆಂದು ಮೊದಲೇ ಹೇಳಿ, ಮುಗಿದ ಮೇಲೆ ಸ್ಕ್ರಿಪ್ಟುಗಳನ್ನು ಎಣಿಸಿ ವಾಪಸ್ ಪಡೆಯಿರಿ. ನಾಟಕವನ್ನು ಸ್ಪರ್ಧೆಗೆ ಕಳಿಸುವ ಯೋಚನೆಯಿದ್ದರೆ, ಸಾರ್ವಜನಿಕ ವಾಚನವನ್ನೂ ಅವರು ಪ್ರದರ್ಶನವೆಂದು ಪರಿಗಣಿಸುತ್ತಾರೆಯೇ ಎಂದು ನಿಯಮದಲ್ಲಿ ನೋಡಿಕೊಂಡು ವಾಚನದ ದಿನ ಗೊತ್ತುಮಾಡಿ.