ಸುಸ್ತಾದರೆ ನಾಯಿ ತಾನೇ ನಿಲ್ಲುತ್ತದಂತೆ!

ಬೇಸಿಗೆ ಹತ್ತಿರ ಬಂದರೆ ಸಾಕು, ಇದೇ ಪ್ರಶ್ನೆ ಶುರು. ಗಂಡ ಹೆಂಡತಿ ಸೈಕಲ್ ಮೇಲೆ, ಪಕ್ಕದಲ್ಲಿ ಓಡುವ ನಾಯಿ, ರಾತ್ರಿ ಟೆಂಟು. ಫೋಟೊ ಚೆನ್ನಾಗಿ ಬರುತ್ತದೆ, ಒಪ್ಪುತ್ತೇನೆ. ಆಮೇಲೆ ಆ ನಾಯಿಗೆ ಡ್ರಿಪ್ ಹಾಕುವುದು ನಾನು. ಈ ಸಲ ಒಂದೇ ಪತ್ರಕ್ಕೆ ಉದ್ದ ಉತ್ತರ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಏಪ್ರಿಲ್‌ನಲ್ಲಿ ನಾನು, ನನ್ನ ಹೆಂಡತಿ ಹುಬ್ಬಳ್ಳಿಯಿಂದ ಯಲ್ಲಾಪುರ, ಅಂಕೋಲಾ ದಾರಿಯಾಗಿ ಗೋಕರ್ಣಕ್ಕೆ ಸೈಕಲ್‌ನಲ್ಲಿ ಹೊರಟಿದ್ದೇವೆ. ಮೂರು ದಿನ, ರಾತ್ರಿ ಕಾಡಿನ ಅಂಚಿನಲ್ಲಿ ಟೆಂಟ್. ನಮ್ಮ ಲ್ಯಾಬ್ರಡಾರ್‌ಗೆ ನಾಲ್ಕು ವರ್ಷ, 34 ಕೆ.ಜಿ. ಹ್ಯಾಂಡಲ್‌ಗೆ ಹಗ್ಗ ಕಟ್ಟಿ ಪಕ್ಕದಲ್ಲಿ ಓಡಿಸೋಣ, ಸುಸ್ತಾದರೆ ತಾನೇ ನಿಲ್ಲುತ್ತದೆ ಅಂತ ನಾನು. ಹಿಂದೆ ಟ್ರೇಲರ್ ಕಟ್ಟಿ ಕೂರಿಸೋಣ ಅಂತ ಅವಳು. ಯಾರು ಸರಿ?

ಉತ್ತರ: ನಿಮ್ಮ ಹೆಂಡತಿ.

ನಾಯಿ ನಿಲ್ಲುವುದಿಲ್ಲ. ಯಜಮಾನ ಮುಂದೆ ಹೋಗುತ್ತಿದ್ದರೆ ಲ್ಯಾಬ್ರಡಾರ್ ಬೀಳುವ ತನಕ ಹಿಂದೆ ಬರುತ್ತದೆ. ಅದು ನಿಂತಿತು ಅಂದರೆ ಆಗಲೇ ತಡವಾಗಿದೆ ಎಂದು ಅರ್ಥ. ಅದಕ್ಕೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಪಾದದಡಿ ಒಂದಿಷ್ಟು ಅಷ್ಟೇ. ಉಳಿದದ್ದೆಲ್ಲ ನಾಲಿಗೆ ಚಾಚಿ ತೇಕುವುದರಿಂದ ತಣ್ಣಗಾಗಬೇಕು. ಅರಬೈಲ್ ಘಾಟ್ ಇಳಿದ ಮೇಲೆ ‘ಹುಬ್ಬಳ್ಳಿಯಷ್ಟು ಬಿಸಿಲಿಲ್ಲ’ ಅಂತ ನಿಮಗೆ ಖುಷಿಯಾಗಬಹುದು. ನಾಯಿಗೆ ಅಲ್ಲೇ ಕಷ್ಟ. ಕರಾವಳಿಯ ಗಾಳಿಯಲ್ಲಿ ತೇವ ಜಾಸ್ತಿ, ಎಷ್ಟು ತೇಕಿದರೂ ಬಾಯಿಯ ನೀರು ಆರುವುದಿಲ್ಲ, ಮೈ ತಣಿಯುವುದಿಲ್ಲ. ನಾಯಿಯ ಮೈಬಿಸಿ ಸಾಮಾನ್ಯವಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 106 ದಾಟಿದರೆ ಕಿಡ್ನಿ, ಕರುಳು, ಮೆದುಳು ಎಲ್ಲಕ್ಕೂ ಪೆಟ್ಟು.

ನಾಲಿಗೆ ಅಗಲವಾಗಿ ಜೋತು, ವಸಡು ಕಡುಕೆಂಪಾಗಿ, ಜೊಲ್ಲು ಅಂಟಾಗಿ, ನಡಿಗೆ ತೂರಾಡಿದರೆ ನೆರಳಿಗೆ ಒಯ್ಯಿರಿ. ಮೈತುಂಬ ನೀರು ಸುರಿಯಿರಿ, ಗಾಳಿ ಹಾಕಿ, ಆಮೇಲೆ ಆಸ್ಪತ್ರೆಗೆ ಓಡಿ. ಒದ್ದೆ ಗೋಣಿಚೀಲ ಹೊದಿಸಿ ಕೂರಬೇಡಿ, ಅದು ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ಇನ್ನು ಪ್ರಜ್ಞೆ ತಪ್ಪುತ್ತಿರುವ ನಾಯಿಯ ಬಾಯಿಗೆ ಮಜ್ಜಿಗೆ ಹೊಯ್ಯಿರಿ ಎನ್ನುವ ಪಂಡಿತರು ಪ್ರತಿ ಊರಲ್ಲೂ ಇದ್ದಾರೆ. ಆ ಮಜ್ಜಿಗೆ ಹೋಗುವುದು ಶ್ವಾಸಕೋಶಕ್ಕೆ.

ಹ್ಯಾಂಡಲ್‌ಗೆ ಹಗ್ಗ ಕಟ್ಟುವ ವಿಚಾರ ಬಿಟ್ಟುಬಿಡಿ. ಹಾಗೆ ಕಟ್ಟಿಕೊಂಡು ಹೊರಟವನು ನಾನೂ ಒಮ್ಮೆ ಇದ್ದೆ. ರಸ್ತೆ ದಾಟಿದ್ದು ಒಂದು ಅಳಿಲು, ಮುರಿದದ್ದು ನನ್ನ ಕೊರಳ ಮೂಳೆ. ಅದೂ ಖಾಲಿ ರಸ್ತೆಯಲ್ಲಿ. ನಿಮ್ಮದು ಲಾರಿಗಳ ಹೆದ್ದಾರಿ.

ಓಡಿಸಲೇಬೇಕು ಎಂದಿದ್ದರೆ ಬೆಳಗ್ಗೆ ಏಳರೊಳಗೆ, ಮಣ್ಣಿನ ದಾರಿಯಲ್ಲಿ, ಮೂರ್ನಾಲ್ಕು ಕಿ.ಮೀ. ಸಾಕು. ಕೊರಳಪಟ್ಟಿ ಬೇಡ, ಎದೆಗೆ ಹಾಕುವ ಹಾರ್ನೆಸ್ ಇರಲಿ. ಉಳಿದ ದಾರಿಗೆ ಟ್ರೇಲರ್. ಅದಕ್ಕೆ ಒಂದು ತಿಂಗಳು ಮನೆಯಲ್ಲೇ ರೂಢಿ ಮಾಡಿಸಿ. ಘಾಟ್ ಇಳಿಯುವಾಗ 34 ಕೆ.ಜಿ. ಹಿಂದಿನಿಂದ ತಳ್ಳುತ್ತದೆ, ಬ್ರೇಕ್ ಹೊಸದಾಗಿರಲಿ. ಟಾರಿನ ಮೇಲೆ ಅಂಗೈಯ ಹಿಂಬದಿ ಏಳು ಸೆಕೆಂಡ್ ಇಡಿ. ನಿಮಗೆ ಆಗದಿದ್ದರೆ ಅದರ ಪಾದಕ್ಕೂ ಆಗುವುದಿಲ್ಲ. ಸಂಜೆ ಐದಕ್ಕೂ ಟಾರು ಸುಡುತ್ತಿರುತ್ತದೆ.

ಟೆಂಟಿನ ವಿಷಯ. ಅರಣ್ಯ ಇಲಾಖೆಯ ಜಾಗದಲ್ಲಿ ಅನುಮತಿ ಇಲ್ಲದೆ ಹಾಕುವ ಹಾಗಿಲ್ಲ, ಅದು ನಿಮಗೂ ಗೊತ್ತು. ಆದರೆ ನಾಯಿಯನ್ನು ಹೊರಗೆ ಮರಕ್ಕೆ ಕಟ್ಟಿ ‘ಕಾವಲು’ ಅನ್ನುವವರಿದ್ದಾರಲ್ಲ! ಚಿರತೆಗೆ ಎಲೆ ಹಾಕಿ ಬಡಿಸಿದ ಹಾಗೆ. ಊರೊಳಗೆ ಯಾರದಾದರೂ ಅಂಗಳ ಕೇಳಿ, ನಾಯಿ ನಿಮ್ಮ ಜೊತೆ ಒಳಗೇ ಮಲಗಲಿ.

ಹಾಗೆ ಒಳಗೆ ಮಲಗಿದರೆ ಉಣುಗೂ ಒಳಗೆ ಬರುತ್ತದೆ, ಅದಕ್ಕೇ ಏಪ್ರಿಲ್ ನನಗೆ ಬೇಡ. ಉಣುಗು ಕಚ್ಚಿ ಮನುಷ್ಯರಿಗೆ ಬರುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಕಂಡದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಈಗ ಉತ್ತರ ಕನ್ನಡದಲ್ಲೂ ಇದೆ, ಜಾಸ್ತಿ ಹರಡುವುದು ಡಿಸೆಂಬರ್‌ನಿಂದ ಮೇ ತನಕ. ಪೊದೆಯೊಳಗೆ ನುಗ್ಗಿದ ನಾಯಿ ಉಣುಗು ಹೊತ್ತು ತಂದರೆ ಅದು ಹತ್ತುವುದು ನಿಮ್ಮ ಮೈಗೆ. ನಾಯಿಗೆ ಉಣುಗು ಕಚ್ಚಿ ಬರುವ ಜ್ವರ ಬೇರೆಯೇ ಇವೆ, ಪ್ಲೇಟ್‌ಲೆಟ್ ಕುಸಿಯುತ್ತದೆ. ಹೊರಡುವ ಮೊದಲು ವೈದ್ಯರಿಂದ ಉಣುಗಿನ ಮಾತ್ರೆ ಕೊಡಿಸಿ. ಸೀಮೆಎಣ್ಣೆ, ಹೊಗೆಸೊಪ್ಪಿನ ನೀರು ಹಚ್ಚಿ ವಿಷ ಏರಿಸಿಕೊಂಡು ಬಂದ ನಾಯಿಗಳನ್ನು ನೋಡಿ ನನಗೆ ಸಾಕಾಗಿದೆ.

ಪ್ರವಾಸವನ್ನು ನವೆಂಬರ್‌ಗೆ ಹಾಕಿ. ಗೋಕರ್ಣ ಎಲ್ಲಿಗೂ ಹೋಗುವುದಿಲ್ಲ.

ಪ್ರಶ್ನೆ: ನಮ್ಮದು ಏಳು ತಿಂಗಳ ಮುಧೋಳ. ಓಡುವುದಕ್ಕೇ ಹುಟ್ಟಿದ ತಳಿ. ಸೈಕಲ್ ಜೊತೆ ಓಡಿಸಬಹುದೇ?

ಉತ್ತರ: ಮೂಳೆ ಇನ್ನೂ ಬೆಳೆಯುತ್ತಿದೆ. ಒಂದೂವರೆ ವರ್ಷ ತುಂಬಲಿ.

ಪ್ರಶ್ನೆ: ಪಗ್‌ನ್ನು ಬುಟ್ಟಿಯಲ್ಲಿ ಕೂರಿಸಿ ಬಿಸಿಲಲ್ಲಿ ಕರೆದೊಯ್ಯಬಹುದೇ?

ಉತ್ತರ: ಬೇಡ. ಅದಕ್ಕೆ ಸೋಫಾ ಮೇಲೆ ಕೂತೇ ಉಸಿರಾಡುವುದು ಕಷ್ಟ.

ಪ್ರಶ್ನೆ: ಸೆಕೆಗೆ ಪೊಮೆರೇನಿಯನ್ ಕೂದಲು ಬೋಳಿಸಿದರೆ?

ಉತ್ತರ: ಚರ್ಮ ಸುಡುತ್ತದೆ. ಬಾಚಿ, ಬೋಳಿಸಬೇಡಿ.

ಪ್ರಶ್ನೆ: ಕಾಲು ನೋವಾದರೆ ನಾವು ನುಂಗುವ ಐಬುಪ್ರೊಫೇನ್ ಅರ್ಧ ಕೊಡಲೇ?

ಉತ್ತರ: ಕಾಲೂ ಬೇಡ. ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಕಾರುತ್ತದೆ.

ಪ್ರಶ್ನೆ: ದಾರಿಯಲ್ಲಿ ಬೀದಿನಾಯಿ ನಮಗೇ ಕಚ್ಚಿದರೆ ಮೆಣಸಿನಪುಡಿ ಹಚ್ಚಬಹುದೇ?

ಉತ್ತರ: ಮೆಣಸಿನಪುಡಿ ಸಾರಿಗೆ. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯಿರಿ, ಅದೇ ದಿನ ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಶುರು ಮಾಡಿ. ಟೂರು ಅರ್ಧಕ್ಕೆ ನಿಂತರೂ ಸರಿ.