ಗುಂಡಿನ ತೂಕ ಆರಿಸೋ ಮೊದಲು ನಳಿಗೆಯ ಟ್ವಿಸ್ಟ್ ನೋಡಿ

ಸರ್, ನೀವು ಕೇಳಿದ್ದು ಇಷ್ಟು: ಕೈಯಲ್ಲಿ .223 ರೆಮಿಂಗ್ಟನ್ ಬೋಲ್ಟ್ ರೈಫಲ್ ಇದೆ, ನರಿಗೂ ಸಣ್ಣ ಜಾತಿಯ ಜಿಂಕೆಗೂ ಪರವಾನಗಿ ಇದೆ, 40, 55, 62, 77 ಗ್ರೇನ್ (ಗುಂಡಿನ ತೂಕ ಅಳೆಯೋ ಸಣ್ಣ ಮಾನ) ಹೀಗೆ ನಾಲ್ಕು ತೂಕದ ತೋಟೆ ಸಿಗುತ್ತೆ, ಯಾವುದು ತಗೊಳ್ಳಲಿ? ಮೇಲೆ ಒಬ್ಬರು "ಭಾರ ಇದ್ದಷ್ಟೂ ಒಳ್ಳೇದು" ಅಂದಿದ್ದಾರೆ. ಇನ್ನೊಬ್ಬರು "ಹಗುರ ಗುಂಡು, ಜಾಸ್ತಿ ವೇಗ, ಅದೇ ಸರಿ" ಅಂದಿದ್ದಾರೆ. ಇಬ್ಬರೂ ಅವರವರ ಕೋವಿಯಲ್ಲಿ ಕಂಡದ್ದನ್ನೇ ಹೇಳಿರಬಹುದು. ಆದರೆ ನಿಮ್ಮ ನಳಿಗೆಯ ಟ್ವಿಸ್ಟ್ ಎಷ್ಟು ಅಂತ ಯಾರೂ ಕೇಳಲಿಲ್ಲ. ಅದು ಗೊತ್ತಾಗದೆ ತೂಕದ ಬಗ್ಗೆ ಏನು ಹೇಳಿದರೂ ಊಹೆಯೇ.

ನಳಿಗೆಯೊಳಗೆ ಸುರುಳಿಯಾಗಿ ಕೊರೆದ ಗೆರೆಗಳು ಗುಂಡನ್ನು ತಿರುಗಿಸುತ್ತವೆ. ಎಷ್ಟು ಬೇಗ ತಿರುಗಿಸುತ್ತವೆ ಅನ್ನೋದೇ ಟ್ವಿಸ್ಟ್. 1:9 ಅಂದರೆ 9 ಇಂಚು ಸಾಗುವಷ್ಟರಲ್ಲಿ ಗುಂಡು ಒಂದು ಪೂರ್ತಿ ಸುತ್ತು ಹಾಕುತ್ತೆ. 1:12 ಆದರೆ ಒಂದು ಸುತ್ತಿಗೆ 12 ಇಂಚು ಬೇಕು, ಅಂದರೆ ತಿರುಗು ನಿಧಾನ. ಗುಂಡು ಮೂಗು ಮುಂದೆ ಮಾಡಿಕೊಂಡು ನೆಟ್ಟಗೆ ಹೋಗೋದಕ್ಕೆ ಎಷ್ಟು ತಿರುಗು ಬೇಕು ಅನ್ನೋದನ್ನ ಮುಖ್ಯವಾಗಿ ತೀರ್ಮಾನಿಸೋದು ಅದರ ಉದ್ದ, ತೂಕ ಅಲ್ಲ. ಒಂದೇ ಕ್ಯಾಲಿಬರ್‌ನಲ್ಲಿ (ಗುಂಡಿನ ವ್ಯಾಸದಲ್ಲಿ) ತೂಕ ಹೆಚ್ಚಿಸಬೇಕು ಅಂದರೆ ಉದ್ದ ಹೆಚ್ಚಿಸಲೇಬೇಕಲ್ಲ, ಅದಕ್ಕೇ ಎಲ್ಲರೂ ತೂಕದ ಲೆಕ್ಕದಲ್ಲಿ ಮಾತಾಡ್ತಾರೆ. ಸೀಸದ ಗುಂಡುಗಳಷ್ಟೇ ಇದ್ದಾಗ ಅದು ನಡೀತಿತ್ತು. ಈಗ ಪೂರ್ತಿ ತಾಮ್ರದ ಗುಂಡು ಬಂದಿವೆ. ತಾಮ್ರ ಸೀಸಕ್ಕಿಂತ ಹಗುರ ಲೋಹ, ಹಾಗಾಗಿ ಅದೇ 62 ಗ್ರೇನ್ ತಾಮ್ರದಲ್ಲಿ ಮಾಡಿದರೆ ಗುಂಡು ಉದ್ದವಾಗುತ್ತೆ. ಸೀಸದ 62 ಗ್ರೇನ್ ಚೆನ್ನಾಗಿ ಹೊಡೆಯೋ ನಳಿಗೆ ತಾಮ್ರದ 62ನ್ನು ತೂರಾಡಿಸಬಹುದು.

ಲೆಕ್ಕ ಹಾಕಿ ನೋಡಬೇಕು ಅಂತಿದ್ದರೆ ಗ್ರೀನ್‌ಹಿಲ್ ಸೂತ್ರ ಇದೆ. ಆಲ್ಫ್ರೆಡ್ ಜಾರ್ಜ್ ಗ್ರೀನ್‌ಹಿಲ್ 1879ರಲ್ಲಿ ಕೊಟ್ಟದ್ದು, ಇವತ್ತಿಗೂ ಅಂದಾಜಿಗೆ ಸಾಕು. ಗುಂಡಿನ ವ್ಯಾಸವನ್ನು ಅದರಿಂದಲೇ ಗುಣಿಸಿ, 150ರಿಂದ ಗುಣಿಸಿ, ಗುಂಡಿನ ಉದ್ದದಿಂದ ಭಾಗಿಸಿ. ಎಲ್ಲ ಇಂಚಿನಲ್ಲಿ. ವೇಗ ಸೆಕೆಂಡಿಗೆ 2,800 ಅಡಿ ದಾಟಿದರೆ 150ರ ಜಾಗದಲ್ಲಿ 180 ಹಾಕ್ತಾರೆ. .223ರ ಗುಂಡಿನ ವ್ಯಾಸ 0.224 ಇಂಚು. 180ರ ಲೆಕ್ಕದಲ್ಲಿ ಮುಕ್ಕಾಲು ಇಂಚು ಉದ್ದದ ಗುಂಡಿಗೆ 1:12 ಸಾಕು, 0.9 ಇಂಚಿನದಕ್ಕೆ 1:10 ಬೇಕು, ಒಂದು ಇಂಚಿನದಕ್ಕೆ 1:9. ಇದು ಕನಿಷ್ಠ ಅಂತ ತಿಳ್ಕೊಳ್ಳಿ. ಸೂತ್ರ ಕಟ್ಟಿದ್ದು ಸೀಸದ ಗುಂಡಿನ ಸಾಂದ್ರತೆ ಇಟ್ಟುಕೊಂಡು, ತಾಮ್ರಕ್ಕೆ ಇನ್ನೂ ಸ್ವಲ್ಪ ಬಿಗಿ ಟ್ವಿಸ್ಟ್ ಇರಲಿ.

ಟ್ವಿಸ್ಟ್ ಎಷ್ಟೋ ಸಲ ನಳಿಗೆಯ ಮೇಲೇ ಕೊರೆದಿರುತ್ತೆ. ಇಲ್ಲದಿದ್ದರೆ ಅಳೆಯೋದು ಸುಲಭ. ಕೋವಿ ಖಾಲಿ ಇದೆಯಾ ಅಂತ ಕಣ್ಣಿಂದ ನೋಡಿ, ಬೆರಳಿಂದಲೂ ಮುಟ್ಟಿ ಖಾತ್ರಿ ಮಾಡ್ಕೊಳ್ಳಿ, ಬೋಲ್ಟ್ ಹೊರಗೆ ತೆಗೀರಿ. ಹಿಡಿ ಸಲೀಸಾಗಿ ತಿರುಗೋ ಕ್ಲೀನಿಂಗ್ ರಾಡ್‌ಗೆ ಬಿಗಿಯಾಗಿ ಬಟ್ಟೆ ಸುತ್ತಿ ಒಳಗೆ ತಳ್ಳಿ. ಬಟ್ಟೆ ಗೆರೆಗಳನ್ನು ಕಚ್ಚಿಕೊಂಡ ಮೇಲೆ ರಾಡ್ ಮೇಲೊಂದು ಗುರುತು ಹಾಕಿ, ಆ ಗುರುತು ಒಂದು ಪೂರ್ತಿ ಸುತ್ತು ಬರೋವರೆಗೆ ನಿಧಾನ ತಳ್ಳಿ. ರಾಡ್ ಎಷ್ಟು ಇಂಚು ಒಳಗೆ ಹೋಯಿತೋ ಅದೇ ನಿಮ್ಮ ಟ್ವಿಸ್ಟ್. ಮೂರು ಸಲ ಅಳೆದು ಸರಾಸರಿ ತಗೊಳ್ಳಿ, ಬಟ್ಟೆ ಜಾರಿದರೆ ಅಳತೆ ತಪ್ಪುತ್ತೆ.

ಸೀಸದ ಗುಂಡಿಗೆ ಒರಟು ಲೆಕ್ಕ ಹೀಗೆ: 1:12ಕ್ಕೆ 55 ಗ್ರೇನ್ ತನಕ, 1:9ಕ್ಕೆ 69ರ ಆಸುಪಾಸು, 1:8ಕ್ಕೆ 77, 1:7ಕ್ಕೆ ಅದಕ್ಕೂ ಮೇಲೆ. ಗಡಿಯಲ್ಲಿರೋ ಜೋಡಿಯನ್ನ ನಂಬಬೇಡಿ. ಬೆಚ್ಚಗಿನ ಮಧ್ಯಾಹ್ನ ಸರಿಯಾಗಿ ಹೊಡೆದದ್ದು ಕೊರೆಯೋ ಚಳಿಯಲ್ಲಿ ಕೈ ಕೊಡಬಹುದು, ತಣ್ಣಗಿನ ಗಾಳಿಗೆ ಸಾಂದ್ರತೆ ಜಾಸ್ತಿ. ಶುರುವಿನ ಎಆರ್-15 ರೈಫಲ್‌ಗಳಿಗೆ 1:14 ಟ್ವಿಸ್ಟ್ ಇತ್ತು. ಅತಿ ಶೀತದ ಪರೀಕ್ಷೆಯಲ್ಲಿ 55 ಗ್ರೇನ್ ಗುಂಡು ತೂರಾಡಿದ್ದರಿಂದಲೇ ಅದನ್ನು 1:12 ಮಾಡಿದರು. ಟ್ವಿಸ್ಟ್ ಸಾಲದಿದ್ದರೆ ಪೇಪರ್ ಟಾರ್ಗೆಟ್ಟೇ ಹೇಳುತ್ತೆ: ತೂತು ದುಂಡಗಿರಲ್ಲ, ಮೊಟ್ಟೆಯಾಕಾರದಲ್ಲಿ ಇರುತ್ತೆ, ಕೆಲವೊಮ್ಮೆ ಗುಂಡಿನ ಪಕ್ಕದ ನೋಟವೇ ಅಚ್ಚೊತ್ತಿರುತ್ತೆ. ಅಂಥ ಒಂದೇ ಒಂದು ತೂತು ಕಂಡರೂ ಆ ತೋಟೆಯನ್ನು ಬೇಟೆಗೆ ಒಯ್ಯಬೇಡಿ.

ಇನ್ನೊಂದು ಬದಿಯ ತೊಂದರೆ ಅಪರೂಪ, ಆದರೂ ತಿಳಿದಿರಲಿ. 1:7 ನಳಿಗೆಯಿಂದ ಸೆಕೆಂಡಿಗೆ 3,700 ಅಡಿ ವೇಗದಲ್ಲಿ ಹೊರಟ 40 ಗ್ರೇನ್ ಗುಂಡು ನಿಮಿಷಕ್ಕೆ 3,80,000ಕ್ಕೂ ಹೆಚ್ಚು ಸುತ್ತು ತಿರುಗುತ್ತಿರುತ್ತೆ. ಇಲಿ, ಹೆಗ್ಗಣದಂಥ ಜೀವಿಗೆ ಅಂತ ಮಾಡಿದ ತೀರ ತೆಳು ಕವಚದ (ಸೀಸದ ಮೇಲಿನ ಲೋಹದ ಹೊದಿಕೆಯ) ಗುಂಡಾದರೆ ಗುರಿ ತಲುಪೋ ಮೊದಲೇ ಗಾಳಿಯಲ್ಲಿ ಚೂರಾಗಬಹುದು.

ಈಗ "ಭಾರ ಇದ್ದಷ್ಟೂ ಬಲ" ಅನ್ನೋ ಮಾತಿಗೆ ಬರ್ತೀನಿ, ಇದನ್ನ ಒಮ್ಮೆ ಲೆಕ್ಕ ಹಾಕಿ ನೋಡಲೇಬೇಕು. 40 ಗ್ರೇನ್ 3,700 ಅಡಿ ವೇಗದಲ್ಲಿ ಹೊರಟರೆ ನಳಿಗೆಯ ಬಾಯಲ್ಲಿ ಅದರ ಶಕ್ತಿ ಸುಮಾರು 1,215 ಫುಟ್‌ಪೌಂಡ್. 55 ಗ್ರೇನ್ 3,240 ಅಡಿಯಲ್ಲಿ 1,280. 77 ಗ್ರೇನ್ 2,750 ಅಡಿಯಲ್ಲಿ 1,290. ಅಂದರೆ ಹೊರಡೋವಾಗ ಮೂರೂ ಹೆಚ್ಚುಕಮ್ಮಿ ಒಂದೇ. ತೋಟೆಯೊಳಗೆ ಹಿಡಿಯೋ ಮದ್ದು ಅಷ್ಟೇ ಆದ್ದರಿಂದ ಇದರಲ್ಲಿ ಆಶ್ಚರ್ಯವೂ ಇಲ್ಲ. ವ್ಯತ್ಯಾಸ ಕಾಣೋದು ದೂರ ಹೋದ ಮೇಲೆ. ಉದ್ದನೆಯ ಭಾರದ ಗುಂಡು ಗಾಳಿಯನ್ನು ಚೆನ್ನಾಗಿ ಸೀಳುತ್ತೆ, ಅಡ್ಡಗಾಳಿಗೆ ಕಡಿಮೆ ಸರಿಯುತ್ತೆ, ವೇಗವನ್ನು ಉಳಿಸಿಕೊಳ್ಳುತ್ತೆ. 40 ಗ್ರೇನ್ ಹತ್ತಿರದಲ್ಲಿ ನೆಟ್ಟಗೆ ಹೋಗುತ್ತೆ, 200 ಗಜ ದಾಟುತ್ತಿದ್ದ ಹಾಗೆ ಸೊರಗುತ್ತೆ. ನಾವು .223ರಲ್ಲಿ ಜಿಂಕೆಗೆ ಗುರಿಯಿಡಬೇಕಾದ ದೂರ 150 ಗಜದೊಳಗೆ. ನನ್ನ ಮಟ್ಟಿಗೆ ಆ ಮಿತಿಯಲ್ಲಿ ರಾಜಿ ಇಲ್ಲ. ಅಷ್ಟರೊಳಗೆ ಗಾಳಿ ಸೀಳೋ ಗುಣಕ್ಕೆ ಅಂಥ ಬೆಲೆ ಇಲ್ಲ. ಗುಂಡು ಮೈಯೊಳಗೆ ಹೋದ ಮೇಲೆ ಏನು ಮಾಡುತ್ತೆ ಅನ್ನೋದರ ಮೇಲೆ ಎಲ್ಲ ನಿಂತಿದೆ.

ಅದನ್ನು ನಿರ್ಧರಿಸೋದು ಗುಂಡಿನ ಕಟ್ಟಡ. ಪ್ಲಾಸ್ಟಿಕ್ ತುದಿಯ ತೆಳು ಕವಚದ 40, 50, 55 ಗ್ರೇನ್ ಗುಂಡುಗಳು ತಗುಲಿದ ಕೂಡಲೇ ಚೂರಾಗೋದಕ್ಕೆ ಅಂತಲೇ ಮಾಡಿದವು. ನರಿಯ ಗಾತ್ರದ ಪ್ರಾಣಿಗೆ ಅದು ಸರಿಯೇ, ಗುಂಡು ಒಳಗೇ ಮುಗಿಯುತ್ತೆ, ಪ್ರಾಣಿ ನಿಂತಲ್ಲೇ ಬೀಳುತ್ತೆ. ಅದೇ ಗುಂಡು ಜಿಂಕೆಯ ಹೆಗಲ ಮೂಳೆಗೆ ತಗುಲಿದರೆ ಮೇಲೆಮೇಲೆ ದೊಡ್ಡ ಗಾಯ ಮಾಡಿ ಅಲ್ಲೇ ಪುಡಿಯಾಗಬಹುದು, ಶ್ವಾಸಕೋಶದ ತನಕ ಏನೂ ತಲುಪಲ್ಲ. ಪ್ರಾಣಿ ಓಡಿಹೋಗಿ ಎಲ್ಲೋ ನರಳಿ ಸಾಯುತ್ತೆ. ಈ ಒಂದು ಕಾರಣಕ್ಕೇ ನಾನು ಇಷ್ಟುದ್ದ ಬರೀತಿರೋದು. ಜಿಂಕೆಗೆ ಬೇಕಾದದ್ದು ದಪ್ಪ ಕವಚದ, ಹೂವರಳಿದ ಹಾಗೆ ಅಗಲವಾಗಿಯೂ ಒಡೆಯದೆ ಒಳಕ್ಕೆ ನುಗ್ಗೋ ಗುಂಡು. ಸೀಸ ಮತ್ತು ಕವಚ ಬೆಸೆದ ಸಾಫ್ಟ್ ಪಾಯಿಂಟ್ (ತುದಿಯಲ್ಲಿ ಸೀಸ ತೆರೆದಿರೋ ಗುಂಡು), ನೋಸ್ಲರ್ ಪಾರ್ಟಿಷನ್ 60 ಗ್ರೇನ್ ಥರದ ಒಳಗೋಡೆ ಇರೋ ಗುಂಡು, ಅಥವಾ ಪೂರ್ತಿ ತಾಮ್ರದ್ದು. ತಾಮ್ರದ್ದು ಅರಳೋದಕ್ಕೆ ವೇಗ ಬೇಕು, ಅದಕ್ಕೇ ಅದರಲ್ಲಿ ಒಂದು ಮೆಟ್ಟಿಲು ಹಗುರ ಆರಿಸಿದರೆ ಟ್ವಿಸ್ಟ್‌ಗೂ ಅನುಕೂಲ, ಅರಳೋದಕ್ಕೂ ಅನುಕೂಲ. ಸೀಸ ನಿಷೇಧಿಸಿರೋ ಕಡೆ ಬೇರೆ ದಾರಿಯೂ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈಯಿಂದ ಯಾವ ಬೇಟೆಗೂ ಸೀಸದ ಗುಂಡು ಬಳಸೋ ಹಾಗಿಲ್ಲ.

ನಿಮ್ಮ ಪಟ್ಟಿಯ 77 ಗ್ರೇನ್ ಬಹುಪಾಲು ಮ್ಯಾಚ್ ಗುಂಡೇ (ಗುರಿ ಸ್ಪರ್ಧೆಗೆ ಮಾಡಿದ್ದು) ಇರಬೇಕು, ಡಬ್ಬಿ ನೋಡಿ. ಅದರ ತುದಿಯಲ್ಲಿ ಸಣ್ಣ ತೂತು ಇರೋದನ್ನ ನೋಡಿ ಅರಳೋ ಗುಂಡು ಅಂದುಕೊಳ್ತಾರೆ. ಆ ತೂತು ಬಂದದ್ದು ತಯಾರಿಕೆಯಿಂದ: ಕವಚವನ್ನು ತಳದ ಕಡೆ ಮುಚ್ಚಿ ಮೂಗಿನ ಕಡೆ ಎಳೆದು ಸೇರಿಸ್ತಾರೆ, ತುದಿಯಲ್ಲಿ ಕಿಂಡಿ ಉಳಿಯುತ್ತೆ. ಅದು ಅರಳೋದಕ್ಕೆ ಅಂತ ಇಟ್ಟದ್ದಲ್ಲ. ಸಿಯೆರಾ ಕಂಪನಿಯೇ ತನ್ನ ಮ್ಯಾಚ್‌ಕಿಂಗ್ ಗುಂಡುಗಳನ್ನು ಬೇಟೆಗೆ ಶಿಫಾರಸು ಮಾಡಲ್ಲ. ಇನ್ನು 62 ಗ್ರೇನ್ ಅಂತ ಅಗ್ಗಕ್ಕೆ ಸಿಗೋದರಲ್ಲಿ ಎಷ್ಟೋ ಪೂರ್ತಿ ಕವಚದ ಮಿಲಿಟರಿ ಮಾದರಿ. ಅದು ಸೂಜಿಯಂತೆ ತೂರಿ ಹೊರಗೆ ಹೋಗಬಹುದು, ಕಲ್ಲಿಗೆ ತಗುಲಿ ದಿಕ್ಕು ತಪ್ಪಬಹುದು. ಬೇಟೆಗೆ ಅದು ಬೇಡವೇ ಬೇಡ.

ಕಾನೂನಿನ ಅಂಕಿ ಇಲ್ಲಿ ತೂಕವನ್ನೇ ಹಿಡಿದು ಮಾತಾಡುತ್ತೆ, ಅದನ್ನೂ ನೋಡ್ಕೊಳ್ಳಿ. ಇಂಗ್ಲೆಂಡ್‌ನಲ್ಲಿ ಮಂಟ್‌ಜಾಕ್ ಮತ್ತು ಚೈನೀಸ್ ವಾಟರ್ ಡಿಯರ್ ಅನ್ನೋ ಪುಟ್ಟ ಜಿಂಕೆಗಳಿಗೆ ಮಾತ್ರ ಈ ಕ್ಯಾಲಿಬರ್ ನಡೆಯುತ್ತೆ, ಗುಂಡು 50 ಗ್ರೇನ್‌ಗಿಂತ ಕಡಿಮೆ ಇರಬಾರದು, ಶಕ್ತಿ 1,000 ಫುಟ್‌ಪೌಂಡ್‌ಗಿಂತ ಕಡಿಮೆ ಇರಬಾರದು. ಅಲ್ಲಿ ರೋ ಜಿಂಕೆಗೆ .240 ಕ್ಯಾಲಿಬರ್ ಬೇಕು. ಗಡಿ ದಾಟಿ ಸ್ಕಾಟ್ಲೆಂಡ್‌ಗೆ ಹೋದರೆ ಅದೇ ರೋ ಜಿಂಕೆಗೆ 50 ಗ್ರೇನ್‌ನ .223 ಒಪ್ಪಿಗೆ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಈ ಕ್ಯಾಲಿಬರ್ ಜಿಂಕೆಗೆ ಸುತರಾಂ ಇಲ್ಲ. ನಿಮ್ಮ ಪರವಾನಗಿಯಲ್ಲಿ ಏನು ಬರೆದಿದೆಯೋ ಅದನ್ನ ಓದಿ ಆಮೇಲೆ ಡಬ್ಬಿ ಕೊಳ್ಳಿ. ಬೇಟೆಯೇ ನಿಷೇಧವಿರೋ ಕಡೆ ಕೂತು ಇದನ್ನ ಓದ್ತಿರೋರಿಗೆ ಟ್ವಿಸ್ಟ್‌ನ ಭಾಗ ಪೇಪರ್ ಟಾರ್ಗೆಟ್‌ಗಷ್ಟೇ.

ಹಾಗಾದರೆ ನಿಮಗೆ ಯಾವುದು? ಅಳೆದಾಗ 1:9 ಅಥವಾ 1:8 ಬಂದರೆ ನರಿಗೆ 50 ಅಥವಾ 55ರ ಪ್ಲಾಸ್ಟಿಕ್ ತುದಿ, ಜಿಂಕೆಗೆ 60ರಿಂದ 64ರ ನಡುವಿನ ಬೆಸೆದ ಸಾಫ್ಟ್ ಪಾಯಿಂಟ್ ಇಲ್ಲವೇ 55ರ ತಾಮ್ರ. ಎರಡಕ್ಕೂ ಒಂದೇ ಇರಲಿ ಅಂದರೆ ಜಿಂಕೆಯದ್ದನ್ನೇ ಇಟ್ಟುಕೊಳ್ಳಿ. ಅದರಿಂದ ನರಿ ಬೀಳುತ್ತೆ, ನರಿಯ ಗುಂಡಿನಿಂದ ಜಿಂಕೆ ಬೀಳೋದು ಖಾತ್ರಿ ಇಲ್ಲ. 1:12 ಬಂದರೆ 55ರ ಸಾಫ್ಟ್ ಪಾಯಿಂಟ್‌ನಲ್ಲೇ ನಿಲ್ಲಿ, ಆ ಕೋವಿ ನರಿಗೆ ಅಂತ ಇರಲಿ, ಜಿಂಕೆಗೆ ದೊಡ್ಡ ಕ್ಯಾಲಿಬರ್ ನೋಡಿ. 40 ಗ್ರೇನ್ ಜಿಂಕೆಗೆ ಯಾವ ಟ್ವಿಸ್ಟ್‌ನಲ್ಲೂ ಬೇಡ.

ಡಬ್ಬಿ ಕೊಂಡ ಮೇಲೆ ಪೇಪರ್ ಮೇಲೆ ಪರೀಕ್ಷೆ. ಎರಡು ಮೂರು ತಯಾರಕರ ಒಂದೊಂದು ಡಬ್ಬಿ ತಗೊಂಡು, 100 ಗಜಕ್ಕೆ ಐದೈದು ಈಡಿನ ಗುಂಪು ಹೊಡೀರಿ, ಪ್ರತಿ ಗುಂಪಿನ ನಡುವೆ ನಳಿಗೆ ಆರಲಿ. ಮೂರು ಈಡಿನ ಗುಂಪು ಅದೃಷ್ಟದಿಂದಲೂ ಚಿಕ್ಕದಾಗಿ ಬರಬಹುದು. ಒಂದೇ ತೂಕದ ಎರಡು ಡಬ್ಬಿ ಒಂದೇ ನಳಿಗೆಯಲ್ಲಿ ಬೇರೆ ಬೇರೆ ಥರ ನಡ್ಕೊಳ್ಳೋದು ಮಾಮೂಲು, ಯಾಕೆ ಅಂತ ತಲೆ ಕೆಡಿಸ್ಕೋಬೇಡಿ, ಚೆನ್ನಾಗಿ ಗುಂಪಾಗೋದನ್ನ ಇಟ್ಟುಕೊಳ್ಳಿ. ತೂಕ ಬದಲಾದರೆ ಗುಂಡು ಬೀಳೋ ಜಾಗವೂ ಬದಲಾಗುತ್ತೆ, ಮೇಲೆ ಕೆಳಗೆ ಅಷ್ಟೇ ಅಲ್ಲ, ಪಕ್ಕಕ್ಕೂ. ಹಾಗಾಗಿ ಜೇಬಿನಲ್ಲಿ ಎರಡು ತೂಕ ಬೆರೆಸಿಕೊಂಡು ಹೋಗಬೇಡಿ.

ಎರಡು ಎಚ್ಚರಿಕೆ. .223 ಅಂತ ಕೊರೆದಿರೋ ಚೇಂಬರ್‌ಗೆ (ನಳಿಗೆಯಲ್ಲಿ ತೋಟೆ ಕೂರೋ ಜಾಗಕ್ಕೆ) 5.56 ಮಿಲಿಟರಿ ತೋಟೆ ಹಾಕಬೇಡಿ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತೆ, ಆದರೆ .223 ಚೇಂಬರ್‌ನಲ್ಲಿ ಗುಂಡು ನಳಿಗೆಯ ಸುರುಳಿ ಗೆರೆ ಮುಟ್ಟೋ ಮೊದಲು ಇರೋ ಜಾಗ ಕಮ್ಮಿ, ಒತ್ತಡ ಮಿತಿ ಮೀರಬಹುದು. ಇನ್ನು ತೋಟೆ ನೀವೇ ತುಂಬೋರಾದರೆ 55 ಗ್ರೇನ್ ಗುಂಡಿಗೆ ಬರೆದಿರೋ ಮದ್ದಿನ ಅಳತೆಯನ್ನ 69ಕ್ಕೆ ಹಾಕಬೇಡಿ. ಗುಂಡಿನ ತೂಕವೂ ಮದ್ದಿನ ತೂಕವೂ ಗ್ರೇನ್‌ನಲ್ಲೇ ಇರೋದರಿಂದ ಕೋಷ್ಟಕದ ಸಾಲನ್ನ ಬೆರಳಿಟ್ಟು ಓದಿ.

ಕೆಳಗೆ .243 ವಿಂಚೆಸ್ಟರ್ ಬಗ್ಗೆ ಕೇಳಿದವರಿಗೆ: ಅದಕ್ಕೂ ಇದೇ ಮಾತು. 1955ರಲ್ಲಿ ವಿಂಚೆಸ್ಟರ್ .243ನ್ನೂ ರೆಮಿಂಗ್ಟನ್ .244ನ್ನೂ ತಂದವು, ಗುಂಡಿನ ವ್ಯಾಸ ಎರಡಕ್ಕೂ ಒಂದೇ. ರೆಮಿಂಗ್ಟನ್ ಹಗುರ ಗುಂಡನ್ನೇ ಮನಸ್ಸಿನಲ್ಲಿಟ್ಟು 1:12 ಟ್ವಿಸ್ಟ್ ಕೊಟ್ಟಿತ್ತು, ವಿಂಚೆಸ್ಟರ್ 1:10 ಕೊಟ್ಟಿತ್ತು. ಜಿಂಕೆಗೆ 100 ಗ್ರೇನ್ ಹೊಡೆಯಬೇಕು ಅಂದವರೆಲ್ಲ .243 ಕಡೆ ಹೋದರು. ರೆಮಿಂಗ್ಟನ್ ಕೊನೆಗೆ ಟ್ವಿಸ್ಟನ್ನು 1:9 ಮಾಡಿ, 1963ರಲ್ಲಿ ಅದೇ ತೋಟೆಯನ್ನು 6 ಎಂಎಂ ರೆಮಿಂಗ್ಟನ್ ಅನ್ನೋ ಹೆಸರಲ್ಲಿ ಮತ್ತೆ ತಂದಿತು. ನಿಮ್ಮದು 1:10 ಆಗಿದ್ದರೆ ಜಿಂಕೆಗೆ 95 ಅಥವಾ 100ರ ಸಾಫ್ಟ್ ಪಾಯಿಂಟ್, ತಾಮ್ರದಲ್ಲಾದರೆ 80ರ ಆಸುಪಾಸು. 105ರ ಮೇಲಿನ ಉದ್ದನೆಯ ಮ್ಯಾಚ್ ಗುಂಡಿಗೆ 1:8 ನಳಿಗೆ ಬೇಕಾಗುತ್ತೆ.